30/40 ಸೈಟಲ್ಲಿ ಮಣ್ಣಿನ ಮನೆ, ತೊಟ್ಟಿ, ಇಂಗುಬಾವಿ ಎಲ್ಲಾ ಆಗುತ್ತಾ? ನಮ್ಮಪ್ಪ ಸುತಾರಾಂ ಬೇಡ ಅಂತಿದಾರೆ

ಹುಣಸೇಮರ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನೆಲಮಂಗಲ ದಾಟಿ ಒಂದು ನಾಕು ಕಿಲೋಮೀಟರ್ ಒಳಗೆ ನಮ್ದೊಂದು 30/40 ಸೈಟಿದೆ, ಪೂರ್ವಕ್ಕೆ ಮುಖ, ಹಿಂದುಗಡೆ ಒಂದು ಹಳೇ ಹುಣಸೇಮರ, ಮರ ನಮ್ದಲ್ಲ ಆದ್ರೆ ಮಧ್ಯಾಹ್ನ ಮೂರರ ಮೇಲೆ ಅದರ ನೆರಳು ನಮ್ ಸೈಟಿಗೇ ಬೀಳುತ್ತೆ. ಈ ವರ್ಷ ಮನೆ ಶುರು ಮಾಡ್ಬೇಕು ಅಂತಿದೀವಿ. ಹದಿನಾಕು ವರ್ಷದಿಂದ ಬೆಂಗಳೂರಲ್ಲಿ ಬಾಡಿಗೆ, ಕೊನೇ ಆರು ವರ್ಷ ಅಪಾರ್ಟ್‌ಮೆಂಟಿನ ಏಳನೇ ಮಹಡಿ. ಮೊನ್ನೆ ಮಗಳು "ಅಪ್ಪಾ, ಹೊರಗೆ ಮಳೆ ಬರ್ತಿದ್ಯಾ ಫೋನಲ್ಲಿ ನೋಡಿ ಹೇಳು" ಅಂದ್ಲು. ಕಿಟಕಿ ಪಕ್ಕದಲ್ಲೇ ಕೂತಿದ್ಲು ಕಣ್ರೀ! ಎಸಿ ಅಂತ ಗಾಜು ಮುಚ್ಚಿತ್ತು, ಪರದೆ ಎಳೆದಿತ್ತು. ಅವತ್ತಿಂದ ನನಗೆ ತಲೇಲಿ ಹುಳ ಬಿಟ್ಟಂಗಾಗಿದೆ.

ಅಲ್ಲಿ ಇಲ್ಲಿ ಓದ್ತಾ ರೀಜನರೇಟಿವ್ ಆರ್ಕಿಟೆಕ್ಚರ್ ಅನ್ನೋದು ಸಿಕ್ತು. ನಂಗೆ ಅರ್ಥ ಆದಷ್ಟು ಹೇಳ್ತೀನಿ, ಕಟ್ಟೋವಾಗ ಪರಿಸರಕ್ಕೆ ಹಾನಿ ಕಮ್ಮಿ ಮಾಡಿದ್ರೆ ಸಾಲ್ದು, ಕಟ್ಟಿದ ಮೇಲೆ ಆ ಜಾಗ ಮೊದಲಿಗಿಂತ ಚೆನ್ನಾಗಾಗ್ಬೇಕು, ನೀರು ಇಂಗ್ಬೇಕು, ಮಣ್ಣಿಗೆ ಜೀವ ಬರ್ಬೇಕು, ಹಕ್ಕಿಪಕ್ಕಿ ವಾಪಸ್ ಬರ್ಬೇಕು, ಒಳಗಿರೋರಿಗೂ ಮಳೆ ಬಿಸಿಲು ಗೊತ್ತಾಗ್ಬೇಕು. ನನ್ ಪ್ಲಾನು ಇಷ್ಟೇ. ಮಣ್ಣಿನ ಬ್ಲಾಕ್ ಗೋಡೆ (ಸಂಪ್ ತೋಡಿದ ಮಣ್ಣಲ್ಲೇ), ಮಧ್ಯ ಚಿಕ್ಕ ತೊಟ್ಟಿ (ನೀರಿನ ತೊಟ್ಟಿ ಅಲ್ಲ, ತೊಟ್ಟಿಮನೇಲಿ ಇರುತ್ತಲ್ಲ ಆ ಒಳಾಂಗಳ), ಮುಂದೆ ಒಂದು ಇಂಗುಬಾವಿ (ಮಳೆನೀರನ್ನ ನೆಲಕ್ಕೆ ಇಂಗಿಸೋ ಬಾವಿ), ಎಸಿ ಇಲ್ಲ.

ನಮ್ಮಪ್ಪ ಶಿರಾ ಕಡೆಯವರು. ಪ್ಲಾನ್ ಹೇಳಿದ್ದಕ್ಕೆ ಊಟ ಅರ್ಧಕ್ಕೆ ಬಿಟ್ಟು ಎದ್ರು. "ಮೂವತ್ತು ವರ್ಷ ಮಣ್ಣಿನ ಮನೇಲಿ ಮಳೆಗಾಲ ಪೂರ್ತಿ ಪಾತ್ರೆ ಇಟ್ಕೊಂಡು ಮಲಗಿದೀವಿ, ಆರ್‌ಸಿಸಿ ಹಾಕ್ಸೋಕೆ ಎರಡೆಕರೆ ಮಾರಿದೀನಿ, ನೀನು ಕೈಯಾರೆ ದುಡ್ಡು ಕೊಟ್ಟು ವಾಪಸ್ ಅಲ್ಲಿಗೇ ಹೋಗ್ತೀಯಾ" ಅಂದ್ರು. ಏನು ಉತ್ತರ ಕೊಡ್ಬೇಕೋ ಗೊತ್ತಾಗ್ಲಿಲ್ಲ. ಕಟ್ಟಿಸ್ದೋರು, ಕಟ್ಟೋರು ಯಾರಾದ್ರೂ ಇದ್ರೆ ನಿಜ ಹೇಳಿ.

ಗಾರೆಗೌಡ

ಸರ್ ನಾನು ಕಾಂಟ್ರಾಕ್ಟು ಮಾಡೋನು, ಮಣ್ಣಿನ ಬ್ಲಾಕಿನ ಮನೆ ಒಂಬತ್ತು ಮಾಡಿದೀನಿ, ಮಾಮೂಲಿ ಮನೆ ಲೆಕ್ಕ ಇಟ್ಟಿಲ್ಲ. ಮೊದ್ಲು ಒಂದು ಕನಸು ಒಡೀತೀನಿ ಬೈಕೋಬೇಡಿ. ಸಂಪ್ ಮಣ್ಣಲ್ಲಿ ಪೂರ್ತಿ ಮನೆ ಆಗಲ್ಲ.

ಬ್ಲಾಕ್ ಸೈಜು ಒಂಬತ್ತಿಂಚು ಉದ್ದ, ಏಳೂವರೆ ಅಗಲ, ನಾಕಿಂಚು ಎತ್ತರ. ಒಂದೊಂದು ಎಂಟು ಎಂಟೂವರೆ ಕೆಜಿ ಬರುತ್ತೆ. ಒಂದು ಚದರ ಮೀಟರ್ ಗೋಡೆಗೆ ಸುಮಾರು 38 ಬೇಕು. 30/40ರಲ್ಲಿ ಕೆಳಗೆ ಮೇಲೆ ಅಂತ ಎರಡು ಮಹಡಿ ಹಿಡಿದ್ರೆ ಹತ್ತು ಹನ್ನೆರಡು ಸಾವಿರ ಬ್ಲಾಕು. ನೀವು ಸಂಪಿಗೆ ಹತ್ತಡಿ ಎಂಟಡಿ ಎಂಟಡಿ ತೋಡಿದ್ರೂ ಮೇಲಿನ ಒಂದಡಿ ಬೇರು ಗೊಬ್ಬರದ ಮಣ್ಣು ತೆಗೆದುಹಾಕಿ, ಜರಡಿ ಹಿಡಿದು, ಕಲ್ಲು ಬಿಸಾಕಿ ಉಳಿಯೋದು ಎರಡೂವರೆ ಮೂರು ಸಾವಿರ ಬ್ಲಾಕಿಗೆ. ಉಳಿದಿದ್ದು ಹೊರಗಿಂದ ತರ್ಬೇಕು. ಅದನ್ನ ಅಕ್ಕಪಕ್ಕ ಯಾರಾದ್ರೂ ಪಾಯ ತೋಡ್ತಿರೋರ ಹತ್ರ ತಂದ್ರೆ ಸರಿ, ಕೆರೆ ಅಂಗಳ ಬಗೆದು ತಂದ್ರೆ ನಿಮ್ ರೀಜನರೇಟಿವ್ ಅಲ್ಲಿಗೆ ಮುಗೀತು.

ಆಮೇಲೆ ಇದು ನಿಮ್ಮಪ್ಪನ ಕಾಲದ ಮಣ್ಣಿನ ಮನೆ ಅಲ್ಲ. ಆ ಗೋಡೆ ಬರೀ ಮಣ್ಣು, ನೀರು ಕುಡಿದ್ರೆ ಕರಗುತ್ತೆ. ಈ ಬ್ಲಾಕಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಹಾಕಿ ಮೆಷಿನ್ನಲ್ಲಿ ಒತ್ತಿ ಮೂರು ನಾಕು ವಾರ ನೀರು ಹೊಡೆದು ಕ್ಯೂರಿಂಗ್ ಮಾಡ್ತೀವಿ. ಒಂದು ಮೂಟೆ ಸಿಮೆಂಟಿಗೆ ಎಂಬತ್ತು ತೊಂಬತ್ತು ಬ್ಲಾಕ್ ಬರುತ್ತೆ. ಸುಡೋದಿಲ್ಲ, ಸೌದೆ ಇಲ್ಲ. ಇದಕ್ಕೆ ಐಎಸ್ 1725 ಅಂತ ಸರ್ಕಾರಿ ಸ್ಟ್ಯಾಂಡರ್ಡೇ ಇದೆ, ನಿಮ್ಮಪ್ಪಂಗೆ ಅದನ್ನ ಹೇಳಿ.

ದುಡ್ಡು ಭಾರಿ ಉಳಿಯುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಹೊರಗಡೆ ಪ್ಲಾಸ್ಟರ್ ಪೇಂಟ್ ಉಳಿಯುತ್ತೆ, ಆದ್ರೆ ಕೂಲಿ ಜಾಸ್ತಿ ಹೋಗುತ್ತೆ. ಮಾಮೂಲಿ ಮೇಸ್ತ್ರಿ ಹೆಂಗೋ ಕಟ್ಟಿ ಆಮೇಲೆ ಪ್ಲಾಸ್ಟರಲ್ಲಿ ಮುಚ್ಚಿಬಿಡ್ತಾನೆ, ಇಲ್ಲಿ ಮುಚ್ಚೋಕೆ ಏನೂ ಇಲ್ವಲ್ಲ, ಒಂದೊಂದು ಸಾಲೂ ಕಾಣುತ್ತೆ.

ಅರ್ಧಂಬರ್ಧ_ಆರ್ಕಿಟೆಕ್ಟ್

ಗೌಡ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ (ಓದಿದ್ದು ಆರ್ಕಿಟೆಕ್ಚರು, ಈಗ ಮಾಡ್ತಿರೋದು ಬೇರೆ, ಅದಕ್ಕೇ ಹೆಸರು ಹಂಗೆ).

ಇದೇನು ಹೊರದೇಶದಿಂದ ಬಂದ ಫ್ಯಾಷನ್ ಅಲ್ಲ, ನಮ್ ಬೆಂಗಳೂರಲ್ಲೇ ಐವತ್ತು ವರ್ಷದಿಂದ ನಡೀತಿರೋದು. 1974ರಲ್ಲಿ ಐಐಎಸ್‌ಸಿಲಿ (ಭಾರತೀಯ ವಿಜ್ಞಾನ ಸಂಸ್ಥೆ) ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಅಂತ ಒಂದು ಕೇಂದ್ರ ಶುರು ಮಾಡಿದ್ರು, ಹಳ್ಳಿಗಳಿಗೆ ಬೇಕಾದ ವಿಜ್ಞಾನ ಅಂತ. ಒಲೆ, ಬಯೋಗ್ಯಾಸ್ ಜೊತೆ ಮನೆ ಕಟ್ಟೋದೂ ಅದ್ರಲ್ಲಿತ್ತು. ಕೆ.ಎಸ್. ಜಗದೀಶ್ ಅವರು, ಆಮೇಲೆ ವೆಂಕಟರಾಮ ರೆಡ್ಡಿ ಅವರು ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಕೈಯಲ್ಲಿ ಒತ್ತೋ ಮೆಷಿನ್ನಿಗೆ ಮರ್ದಿನಿ ಅಂತ ಹೆಸರಿಟ್ಟಿದ್ರು, ಎಷ್ಟ್ ಚೆನ್ನಾಗಿದೆ ನೋಡಿ ಹೆಸರು. ಆಮೇಲೆ ಆರ್ಕಿಟೆಕ್ಟ್ ಚಿತ್ರಾ ವಿಶ್ವನಾಥ್ ಅವರು ಬೆಂಗಳೂರಲ್ಲಿ ನೂರಾರು ಮನೆ ಇದೇ ಥರ ಕಟ್ಟಿದಾರೆ, ಅವರ ಸ್ವಂತ ಮನೆಯೂ ಮಣ್ಣಿಂದೇ.

ಒಂದೇ ತಮಾಷೆ ಏನಂದ್ರೆ ಹಳ್ಳಿಗೆ ಅಂತ ಮಾಡಿದ ಟೆಕ್ನಾಲಜಿ ಕೊನೆಗೆ ಹೆಚ್ಚು ಹಿಡಿದಿದ್ದು ಬೆಂಗಳೂರಿನ ಓದಿದವರ ಮನೆಗಳಲ್ಲಿ. ಹಳ್ಳಿಯವರು ನಿಮ್ಮಪ್ಪನ ಥರಾನೇ ಆರ್‌ಸಿಸಿ ಕಡೆ ಹೋದ್ರು. ಅವರದ್ದು ತಪ್ಪು ಅಂತ ನಾನಂತೂ ಹೇಳಲ್ಲ.

ತೊಟ್ಟಿ ಬಗ್ಗೆ: 30/40ರಲ್ಲಿ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡ್ಬೇಕಾದ ಖಾಲಿ ಜಾಗ) ಬಿಟ್ಟು ಉಳಿಯೋ ಜಾಗದಲ್ಲಿ ಆರಡಿ ಆರಡಿ ತೊಟ್ಟಿ ಅಂದ್ರೇನೇ ದೊಡ್ಡದು. ಪೂರ್ತಿ ತೆರೆದಿಡೋಕೆ ಧೈರ್ಯ ಬೇಕು, ಮಂಗ, ಕಳ್ಳ, ಸೊಳ್ಳೆ ಮೂರಕ್ಕೂ ಲೆಕ್ಕ ಹಾಕ್ಬೇಕು. ಗ್ರಿಲ್ ಹಾಕಿ, ಅದರ ಮೇಲೆ ಸ್ವಲ್ಪ ಎತ್ತರಿಸಿ ಗಾಜು ಇಟ್ಟು ಸುತ್ತ ಒಂದಡಿ ಗಾಳಿಗೆ ಬಿಟ್ರೆ ಬಿಸಿಗಾಳಿ ಮೇಲಿಂದ ಹೋಗುತ್ತೆ, ಕೆಳಗೆ ಕಿಟಕಿಯಿಂದ ತಂಪುಗಾಳಿ ಎಳ್ಕೊಳ್ಳುತ್ತೆ. ಮಳೆ ಒಳಗೆ ಬೀಳಲ್ಲ, ಶಬ್ದ ಕೇಳುತ್ತೆ.

ನವಲಗುಂದದಂವ

ಎಲ್ಲಾರೂ ಕೆಂಪ ಮಣ್ಣಿನ ಮ್ಯಾಲ ಮಾತಾಡಾಕತ್ತೀರಿ. ನಮ್ಮ ಕಡೆ ಎರಿ ಮಣ್ರಿ. ಬ್ಯಾಸಗ್ಯಾಗ ಕೈ ಹೋಗುವಷ್ಟ ಬಿರುಕ ಬಿಡತದ, ಮಳಿಗಾಲದಾಗ ಉಬ್ಬತದ, ಅದ್ರಾಗ ಬ್ಲಾಕ್ ಒತ್ತಿದ್ರ ದೇವ್ರೇ ಗತಿ. ಸುಣ್ಣ ಹಾಕಿ ಏನರ ಮಾಡಬೇಕು, ಇಲ್ಲಂದ್ರ ಬಿಡಬೇಕು.

ಆದ್ರ ಹುಣಸೇಮರ ಅವ್ರ ಅಪ್ಪಾಜಿ ಮಾತು ಕೇಳಿ ನಂಗ ನಮ್ಮ ಅಜ್ಜನ ಮನಿ ನೆನಪಾತು. ಮಾಳಗಿ ಮನಿ. ಗ್ವಾಡಿ ಎರಡೂವರಿ ಫೂಟ ದಪ್ಪ, ಮ್ಯಾಲ ಜಂತಿ, ಜಂತಿ ಮ್ಯಾಲ ಬೇವಿನ ತಪ್ಪಲಾ, ಅದರ ಮ್ಯಾಲ ಒಂದ ಮೊಳ ಮಣ್ಣು. ನಡುವ ಒಂದ ಬೆಳಕಿಂಡಿ. ಮೇ ತಿಂಗಳದಾಗ ಹೊರಗ ನಾಯಿ ಸೈತ ಅಡ್ಡಾಡತಿರಲಿಲ್ಲ, ಒಳಗ ನಾವು ಚಾದರ ಹೊಚಗೊಂಡ ಮಲಗತಿದ್ವಿ. ಆ ಬೆಳಕಿಂಡಿ ಬಿಸಲು ನೆಲದ ಮ್ಯಾಲ ಸರಕೋಂತ ಹೋಗೂದ ನೋಡಿ ನಮ್ಮ ಆಯಿ ಟೈಮ್ ಹೇಳತಿದ್ಲು, ಬಿಸಲು ಬೀಸುಕಲ್ಲಿಗೆ ಬಂತು ಅಂದ್ರ ಹೊಲಕ್ಕ ಬುತ್ತಿ ಒಯ್ಯೂ ಹೊತ್ತು.

ಈಗ ಅದರ ಇನ್ನೊಂದ ಕಡೆ ಕೇಳ್ರಿ. ವರ್ಷಾ ಮಿರಗ (ಮೃಗಶಿರಾ ಮಳಿ) ಕೂಡೂದ್ರಾಗ ಮಾಳಗಿಗೆ ಹೊಸಾ ಮಣ್ಣ ಹಾಕಬೇಕು. ಅದೂ ಬ್ಯಾರೆ ಮಣ್ಣು, ಹಳ್ಳದ ಬಾಜೂಕ ಸವಳ ಮಣ್ಣು ಸಿಗತಿತ್ತು, ಅದನ್ನ ಚಕ್ಕಡಿ ಹೂಡಿ ತರತಿದ್ರು. ಬುಟ್ಟಿ ಹೊತ್ತು ನಿಚ್ಚಣಿಕಿ ಏರೂದು, ಹರವೂದು, ತುಳಿಯೂದು. ಒಂದ ವರ್ಷ ಅಜ್ಜಗ ಆರಾಮ ಇರಲಿಲ್ಲ, ಹಾಕಲಿಲ್ಲ. ಆ ವರ್ಷ ದೇವರ ಕ್ವಾಣಿಯಾಗ ಸೋರಿ ಜ್ವಾಳದ ಚೀಲ ಎರಡ ಮೊಳಕಿ ಒಡದ್ವು. ಮುಂದ ಮೂರ ವರ್ಷದಾಗ ಅಜ್ಜ ಹೋದ, ಕಾಕಾ ಹುಬ್ಬಳ್ಳಿ ಸೇರಿದ, ಮನಿ ಕುಸೀತು. ಮಣ್ಣ ಕೆಟ್ಟದ್ದಿತ್ತಂತ ಕುಸಿಲಿಲ್ರಿ, ಏರಿ ನೋಡವ್ರ ಇರಲಿಲ್ಲ.

ಮುರಕಲ್ಲು

ಇದು ಓದಿ ಬೇಜಾರಾಯ್ತು ಮಾರಾಯ್ರೆ. ನಮ್ಮದು ಪುತ್ತೂರು ಹತ್ತಿರ. ನಮ್ಮಲ್ಲಿ ಮಾಳಿಗೆ ಗೀಳಿಗೆ ಎಲ್ಲ ನಡೆಯುವುದಿಲ್ಲ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಸುರಿಯುವ ಊರಲ್ಲಿ ಮಾಡು ಇಳಿಜಾರೇ ಬೇಕು. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು, ಸುತ್ತ ಜಗಲಿ. ಕಲ್ಲು ಕೋರೆಯಲ್ಲಿ ಕಡಿಯುವಾಗ ಮೆತ್ತಗೆ ಉಂಟು, ಗಾಳಿ ತಾಗಿ ತಾಗಿ ಗಟ್ಟಿ ಆಗ್ತದೆ. ಹಂಚು ಸಹ ಮೊದಲಿಂದ ಇದ್ದದ್ದಲ್ಲ, 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು (ಕ್ರೈಸ್ತ ಮಿಷನರಿಗಳು) ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು, ಅದಕ್ಕೆ ಮೊದಲು ಮುಳಿಹುಲ್ಲು. ಹಾಗಾಗಿ "ನಮ್ಮ ಪಾರಂಪರಿಕ ಹಂಚಿನ ಮನೆ" ಅಂತ ಎದೆ ತಟ್ಟುವವರಿಗೆ ನಾನು ಇದನ್ನು ಹೇಳಿ ಹೇಳಿ ಬೈಗುಳ ತಿಂದದ್ದುಂಟು.

ಒಂದು ವಿಷಯ ಗೌಡ್ರು ಹೇಳಿದ ಹಾಗೆಯೇ. ಕಲ್ಲು ಮಣ್ಣು ನೈಸರ್ಗಿಕ ಅಂತ ಹೇಳಿದ ಕೂಡ್ಲೆ ಭೂಮಿಗೆ ನೋವಾಗುವುದಿಲ್ಲ ಅಂತ ಅಲ್ಲ. ನಮ್ಮ ಗುಡ್ಡೆಯ ಆಚೆ ಬದಿ ಕೋರೆ ಮಾಡಿ ಬಿಟ್ಟ ಗುಂಡಿಗಳುಂಟು, ನೇರ ಗೋಡೆಯ ಹಾಗೆ ಇಪ್ಪತ್ತಡಿ, ಮಳೆಗಾಲದಲ್ಲಿ ನೀರು ತುಂಬಿದರೆ ಮಕ್ಕಳನ್ನು ಆ ಕಡೆ ಬಿಡುವ ಹಾಗಿಲ್ಲ. ಆ ಕಲ್ಲಲ್ಲಿ ಕಟ್ಟಿದ ಒಂದು ಹೋಂಸ್ಟೇಯಲ್ಲಿ ಬೋರ್ಡು, ಪ್ರಕೃತಿಯ ಮಡಿಲಲ್ಲಿ ಅಂತ!

ಸುಮ್ನೆ_ಕೇಳ್ದೆ

ಒಂದ್ ಪ್ರಶ್ನೆ. ಈ ರೀಜನರೇಟಿವ್‌ಗೆ ಕನ್ನಡದಲ್ಲಿ ಏನಂತಾರೆ? ಪುನರುಜ್ಜೀವಕ ವಾಸ್ತುಶಿಲ್ಪ ಅಂತ ಒಂದ್ಕಡೆ ನೋಡ್ದೆ, ಬಾಯಿಗೆ ಬರೋಷ್ಟರಲ್ಲಿ ಮನೆ ಗೃಹಪ್ರವೇಶ ಆಗಿರುತ್ತೆ.

ಅರ್ಧಂಬರ್ಧ_ಆರ್ಕಿಟೆಕ್ಟ್

ಹಹ. ನಮ್ಮಜ್ಜಿ ಭಾಷೇಲಿ "ಮನೆ ಕಟ್ಟಿದ್ಮೇಲೆ ನೆಲ ಚಿಗುರ್ಬೇಕು" ಅಂತ ಹೇಳ್ಬಹುದು. ಚಿಗುರುಮನೆ ಅನ್ನಿ, ಯಾರೂ ಕೇಸ್ ಹಾಕಲ್ಲ.

ಖಾರ_ಮಂಡಕ್ಕಿ

ಕ್ಷಮಿಸಿ, ಎಲ್ಲಾ ಬಹಳ ಚೆನ್ನಾಗಿ ಅಜ್ಜನ ಮನೆ ನೆನಪು ಮಾಡ್ಕೊಳ್ತಿದೀರಿ, ನಾನು ಸ್ವಲ್ಪ ಖಾರ ಹಾಕ್ತೀನಿ. ಆ ಮಣ್ಣಿನ ಮನೆಗಳನ್ನ ಉಳಿಸಿಕೊಂಡಿದ್ದು ಯಾರು? ದಿನಾ ಬೆಳಿಗ್ಗೆ ಸಗಣಿ ಸಾರಿಸ್ತಿದ್ದಿದ್ದು ಯಾರು, ಹಬ್ಬಕ್ಕೆ ಸುಣ್ಣ ಬಳೀತಿದ್ದಿದ್ದು ಯಾರು? ನಮ್ಮಮ್ಮ ಮದುವೆಯಾಗಿ ಬಂದಾಗ ಹದಿನೆಂಟು, ಆ ನೆಲ ಸಾರಿಸಿ ಸಾರಿಸಿ ಉಗುರು ಸಂದೀಲಿ ಹಸಿರು ಹೋಗ್ತಾನೇ ಇರ್ಲಿಲ್ಲ ಅಂತಿದ್ರು. ಟೈಲ್ಸ್ ಹಾಕಿಸಿದ ದಿನ ಅವರು ಬರಿಗಾಲಲ್ಲಿ ಸುಮ್ನೆ ಆಕಡೆಯಿಂದ ಈಕಡೆಗೆ ನಡೆದಾಡಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ.

ಇನ್ನು ಬಾವಿ. ಬೆಂಗಳೂರು ಸುತ್ತ ಬಾವಿ ತೋಡೋರು ಮಣ್ಣು ವಡ್ಡರು, ತಲೆತಲಾಂತರದಿಂದ. ಅವರ ಮನೆಗಳಲ್ಲಿ ಎಷ್ಟಕ್ಕೆ ನಲ್ಲಿ ನೀರು ಸರಿಯಾಗಿ ಬರುತ್ತೆ ಕೇಳಿದೀರಾ? ಪ್ರಕೃತಿ ಜೊತೆ ಬೆರೆಯೋದು ಅಂದ್ರೆ ದುಡ್ಡಿದ್ದೋರಿಗೆ ತೊಟ್ಟೀಲಿ ಕೂತು ಕಾಫಿ ಕುಡಿಯೋದು, ಇಲ್ದೋರಿಗೆ ಶೀಟ್ ಮನೇಲಿ ಬೇಯೋದು. ಅವರೂ ಪ್ರಕೃತಿ ಜೊತೆನೇ ಇದಾರೆ ಸ್ವಾಮಿ, ಬೇಕಾದ್ದಕ್ಕಿಂತ ಜಾಸ್ತಿ.

ಗಾರೆಗೌಡ

ಮಂಡಕ್ಕಿಯವರ ಮಾತು ಒರಟಾದ್ರೂ ನಿಜ. ಒಂದು ಸೇರಿಸ್ತೀನಿ, ಮಿಲಿಯನ್ ವೆಲ್ಸ್ (ಬೆಂಗಳೂರಲ್ಲಿ ಹತ್ತು ಲಕ್ಷ ಇಂಗುಬಾವಿ) ಅಂತ ಒಂದು ಅಭಿಯಾನ ಶುರುವಾದ ಮೇಲೆ ಬಾವಿ ತೋಡೋರಿಗೆ ಮತ್ತೆ ಕೆಲಸ ಬಂತು. ಬೋರ್‌ವೆಲ್ ಬಂದು ಅವರ ಕಸುಬು ನಿಂತೇ ಹೋಗಿತ್ತು. ಕಬ್ಬನ್ ಪಾರ್ಕಲ್ಲಿ ಮುಚ್ಚಿಹೋಗಿದ್ದ ಹಳೇ ಬಾವಿಗಳ ಹೂಳು ತೆಗೆದಿದ್ದು ಅವರೇ. ನಾನು ಕರೆಸೋ ತಂಡದ ಹಿರಿಯರೊಬ್ರು ಮಣ್ಣು ಮೂಸಿ ಹೇಳ್ತಾರೆ ಎಷ್ಟಡೀಲಿ ಜೌಗು ಬರುತ್ತೆ ಅಂತ, ನನಗಂತೂ ತಪ್ಪಿದ್ದು ನೆನಪಿಲ್ಲ. ಅವರಿಗೆ ಕೂಲಿ ಚೌಕಾಸಿ ಮಾಡ್ಬೇಡಿ, ಇಪ್ಪತ್ತಡಿ ಕೆಳಗೆ ಇಳಿಯೋರು ಅವರು.

ಲೆಕ್ಕದ_ಮೇಷ್ಟ್ರು

ನಂದು ಬರೀ ನೀರಿನ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್, ಇದಿಷ್ಟು ನೆನಪಿದ್ರೆ ಸಾಕು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಮೀ ಹತ್ರ, ನಿಮ್ ಕಡೆ 900 ಹಿಡೀರಿ. ತಾರಸಿ 80 ಚದರ ಮೀಟರ್ ಅಂದ್ಕೊಂಡ್ರೆ 72 ಸಾವಿರ ಲೀಟರ್, ಆವಿ ಸೋರಿಕೆ ಮೊದಲ ಕೊಳೆನೀರು ಎಲ್ಲಾ ಕಳೆದು ನೂರಕ್ಕೆ ಎಂಬತ್ತು ಸಿಕ್ರೆ 57 ಸಾವಿರ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ ಲೆಕ್ಕ, ನಾಕು ಜನಕ್ಕೆ 540. ಮೂರೂವರೆ ತಿಂಗಳ ನೀರು ನಿಮ್ ತಲೆ ಮೇಲೇ ಬೀಳ್ತಿದೆ.

ಆದ್ರೆ ಮಳೆ ಕಂತಲ್ಲಿ ಬರಲ್ವಲ್ಲ. ಜೋರು ಮಳೆ ಒಂದು ಗಂಟೇಲಿ 50 ಮಿಮೀ ಹೊಡೀತು ಅಂದ್ರೆ ನಿಮ್ ತಾರಸಿಯಿಂದ 4,000 ಲೀಟರ್ ಇಳಿಯುತ್ತೆ. ಮೂರಡಿ ಅಗಲ ಇಪ್ಪತ್ತಡಿ ಆಳದ ಇಂಗುಬಾವಿ ಹಿಡಿಯೋದು ಹೆಚ್ಚುಕಮ್ಮಿ ಅಷ್ಟೇ, ಲೆಕ್ಕ ಹಾಕಿ ನೋಡಿ. ಒಂದು ಜೋರು ಮಳೆಗೆ ಒಂದು ಬಾವಿ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಬೆಂಗಳೂರಿಗೆ ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಮೂರು ಹಂತದಲ್ಲಿ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲೆತ್ತಿ ತರ್ತಾರೆ. ನಮ್ ತಾರಸಿಗೆ ಕರೆಂಟಿಲ್ದೇ ಬಿದ್ದಿದ್ದನ್ನ ಚರಂಡಿಗೆ ಬಿಡ್ತೀವಿ. ಜಲಮಂಡಳಿ 2009ರಲ್ಲೇ 1,200 ಚದರಡಿ ಇಲ್ಲಾ ಅದಕ್ಕೂ ದೊಡ್ಡ ಸೈಟಿನ ಹೊಸಾ ಮನೆಗೆ ಮಳೆಕೊಯ್ಲು ಕಡ್ಡಾಯ ಮಾಡ್ತು, ಬೇಕಾದಷ್ಟು ಮನೇಲಿ ಅದು ದಂಡ ತಪ್ಪಿಸ್ಕೊಳ್ಳೋಕೆ ಹಾಕಿದ ಒಂದು ನೀಲಿ ಡ್ರಮ್ಮು ಅಷ್ಟೇ.

ಮಳೆಯೂರು_ಸಿಯಾಟಲ್

ಹೊರದೇಶದ್ದು ಒಂದು ಹೇಳ್ಲಾ? ನಾನಿರೋದು ಸಿಯಾಟಲ್, ಮೂಲ ತೀರ್ಥಹಳ್ಳಿ. ಇಲ್ಲಿ ಬುಲ್ಲಿಟ್ ಸೆಂಟರ್ ಅಂತ ಆರು ಮಹಡಿ ಆಫೀಸ್ ಬಿಲ್ಡಿಂಗ್ ಇದೆ, 2013ರಲ್ಲಿ ಶುರುವಾಗಿದ್ದು. ತಲೆ ಮೇಲೆ ಟೋಪಿ ಥರ ಸೋಲಾರ್ ಪ್ಯಾನೆಲ್, ಮೋಡದ ಊರಲ್ಲೂ ತನಗೆ ಬೇಕಾದಷ್ಟು ಕರೆಂಟ್ ತಾನೇ ಮಾಡ್ಕೊಳ್ಳುತ್ತೆ. ಬೇಸ್‌ಮೆಂಟಲ್ಲಿ ಎರಡು ಲಕ್ಷ ಲೀಟರಿಗೂ ಮೇಲೆ ಹಿಡಿಯೋ ಮಳೆನೀರಿನ ಟ್ಯಾಂಕು. ಲಿಫ್ಟ್ ಹಿಂದುಗಡೆ ಇಟ್ಟು ಮೆಟ್ಲನ್ನ ಗಾಜಿನ ಒಳಗೆ ಊರು ಕಾಣೋಥರ ಮುಂದಿಟ್ಟಿದಾರೆ, ಜನ ತಾವಾಗೇ ಮೆಟ್ಲು ಹತ್ತಲಿ ಅಂತ. ನಾನು ಹೋದಾಗ ನಾನೂ ಹತ್ತಿದೆ, ನಿಜವಾಗ್ಲೂ ಲಿಫ್ಟ್ ನೆನಪೇ ಆಗ್ಲಿಲ್ಲ.

ಆದ್ರೆ ಅಲ್ಲಿ ಇಟ್ಟಿದ್ದ ಕಾಂಪೋಸ್ಟ್ ಟಾಯ್ಲೆಟ್ಟುಗಳನ್ನ ಕೆಲವು ವರ್ಷ ಆದ್ಮೇಲೆ ತೆಗೆದುಬಿಟ್ರು. ನಿಭಾಯ್ಸೋಕೆ ಆಗ್ಲಿಲ್ಲ. ಅಷ್ಟು ದುಡ್ಡು, ಅಷ್ಟು ಇಂಜಿನಿಯರ್‌ಗಳಿದ್ದೂನೂ. ನವಲಗುಂದದವರ ಅಜ್ಜನ ಮಾಳಿಗೆ ಕಥೆ ಓದಿದಾಗ ನಂಗೆ ಇದೇ ಹೊಳೀತು.

ಬಾವಿಕಟ್ಟೆ_ಮೈಸೂರು

ಇಷ್ಟೊತ್ತು ಓದ್ತಾ ಇದ್ದೆ. ನಾವು ಮಣ್ಣಿನ ಬ್ಲಾಕ್ ಮನೇಲಿ ಒಂಬತ್ತನೇ ವರ್ಷ. ಇದರ ಚಂದ ಎಲ್ಲಾ ಕಡೆ ಫೋಟೋದಲ್ಲಿದೆ, ನಾನು ಕೆಲಸದ ಬಗ್ಗೆ ಹೇಳ್ತೀನಿ.

ಏಪ್ರಿಲ್ ಕೊನೆ ವಾರ ನಮ್ಮನೇಲಿ ಒಂದು ದಿನ ತಾರಸಿ ದಿನ. ಹೊಂಗೆ ಎಲೆ, ಪಾರಿವಾಳದ ಗಲೀಜು, ಮಕ್ಕಳು ಎಸೆದ ಚೆಂಡು ಎಲ್ಲಾ ಗುಡಿಸಬೇಕು. ಫಿಲ್ಟರ್ ಡ್ರಮ್ಮಿನ ಜಲ್ಲಿ ಹೊರಗೆ ಹಾಕಿ ತೊಳೀಬೇಕು. ಮೊದಲ ಮಳೆ ಬಂದಾಗ ಪೈಪಿನ ಮುಚ್ಚಳ ತೆಗೆದು ಹೊರಕ್ಕೆ ಬಿಡಬೇಕು, ಅದು ಚಹಾದ ಬಣ್ಣದಲ್ಲಿ ಬರುತ್ತೆ, ಹತ್ತು ಹದಿನೈದು ನಿಮಿಷಕ್ಕೆ ತಿಳಿಯಾಗುತ್ತೆ, ಆಗ ಮುಚ್ಚಳ ಹಾಕಿ ಸಂಪಿಗೆ ತಿರುಗಿಸಬೇಕು. ರಾತ್ರಿ ಎರಡು ಗಂಟೆಗೆ ಮಳೆ ಬಂದ್ರೂ ಯಾರಾದ್ರೂ ಒಬ್ರು ಏಳಲೇಬೇಕು. ಮೊದಮೊದಲು ನಾನೂ ನಮ್ಮೆಜಮಾನ್ರೂ ಜಗಳ ಆಡ್ತಿದ್ವಿ ಯಾರು ಏಳೋದು ಅಂತ. ಈಗ ನನ್ ಮಗ ಗುಡುಗಿಗೇ ಎದ್ದು ಟಾರ್ಚ್ ಹಿಡ್ಕೊಂಡು ಹೋಗ್ತಾನೆ. ಅವನಿಗೆ ಹನ್ನೊಂದು. ಯಾವ ದಿಕ್ಕಿನ ಮೋಡ ಸುರಿಯುತ್ತೆ, ಯಾವುದು ಬರೀ ಸದ್ದು ಅಂತ ಅವನಿಗೆ ಗೊತ್ತಾಗುತ್ತೆ, ನಂಗಿನ್ನೂ ಗೊತ್ತಾಗಲ್ಲ. ಹುಣಸೇಮರ ಸರ್, ನಿಮ್ ಮಗಳ ವಿಷಯ ಓದಿ ಇದನ್ನ ಬರೆಯೋಣ ಅನ್ಸಿತು.

ಗೋಡೆ ವಿಷಯ. ಹೊರಗೋಡೇಲಿ ಕುಂಬಾರ ಹುಳ ಗೂಡು ಕಟ್ಟುತ್ತೆ, ಬ್ಲಾಕಿನ ಬಣ್ಣಾನೇ ಇರೋದ್ರಿಂದ ಗೊತ್ತೇ ಆಗಲ್ಲ. ನಮ್ಮತ್ತೆ ಮೊದಲು ಪೊರಕೆ ಹಿಡ್ಕೊಂಡು ಕೆರೀತಿದ್ರು, ಆಮೇಲೆ ಒಂದಿನ ಕೂತು ನೋಡಿದಾರೆ, ಅದು ಒಂದೊಂದೇ ಹಸಿರು ಕಂಬಳಿಹುಳ ತಂದು ಒಳಗೆ ತುರುಕಿ ಬಾಯಿ ಮುಚ್ಚೋದನ್ನ. ಅವತ್ತಿಂದ ಪೊರಕೆ ಬಿಟ್ರು. ಕರಿಬೇವಿನ ಗಿಡದಲ್ಲಿ ಹುಳ ಕಮ್ಮಿ ಆಗಿದ್ದು ಇದಕ್ಕೇ ಅಂತ ಅವರ ವಾದ.

ತಪ್ಪು ಎಲ್ಲಿ ಆಯ್ತು ಅಂತಲೂ ಹೇಳ್ತೀನಿ. ಪಶ್ಚಿಮದ ಗೋಡೆಗೆ ಚಜ್ಜಾ (ಮಳೆಗೆ ಅಡ್ಡವಾಗಿ ಗೋಡೆಯಿಂದ ಹೊರಗೆ ಚಾಚೋ ಭಾಗ) ಒಂದಡಿ ಮಾತ್ರ ಬಿಟ್ರು, ಮುಂಗಾರಿನ ಗಾಳಿಮಳೆ ನೇರ ಅಲ್ಲಿಗೇ ಹೊಡೆದು ನಾಕನೇ ವರ್ಷಕ್ಕೆ ಕೆಳಗಿನ ಆರೇಳು ಸಾಲು ಬ್ಲಾಕಿನ ಮೂಲೆ ಉದುರೋಕೆ ಶುರುವಾಯ್ತು. ಅಲ್ಲೊಂದು ಕಡೆ ಸುಣ್ಣದ ಗಾರೆ ಮಾಡಿಸಿದ್ವಿ. ಮತ್ತೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನ ವ್ಯಾಲ್ಯುಯೇಷನ್ ಇಂಜಿನಿಯರು ಗೋಡೆ ತಟ್ಟಿ ನೋಡಿ "ಕಚ್ಚಾ ಮನೆ" ಅಂತ ಬರೆದುಬಿಟ್ರು. ಲ್ಯಾಬಿನ ಟೆಸ್ಟ್ ರಿಪೋರ್ಟ್ ಇಟ್ಕೊಂಡು ಮೂರ್ ಸಲ ಅಲೆದ ಮೇಲೆ ಸರಿ ಮಾಡಿದ್ರು. ಬ್ಲಾಕ್ ಒತ್ತಿಸಿದಾಗಲೇ ಟೆಸ್ಟ್ ಮಾಡಿಸಿ ಇಟ್ಕೊಳ್ಳಿ.

ಸಗಣಿ ನೆಲ ಇಲ್ಲ ಮಂಡಕ್ಕಿಯವರೇ, ರೆಡ್ ಆಕ್ಸೈಡ್. ನಿಮ್ಮಮ್ಮ ಟೈಲ್ಸ್ ಮೇಲೆ ನಡೆದಾಡಿದ ವಿಷಯ ನಮ್ಮತ್ತೆಗೆ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ, ಕೈ ನೋಡ್ಕೊಂಡ್ರು.

ಖಾರ_ಮಂಡಕ್ಕಿ

ಬಾವಿಕಟ್ಟೆಯವರೇ, ಥ್ಯಾಂಕ್ಸ್. ನಂಗೆ ಬೇಕಿದ್ದಿದ್ದು ಇದೇ, ಕೆಲಸ ಯಾರು ಮಾಡ್ತಾರೆ ಅಂತ ಯಾರಾದ್ರೂ ಒಬ್ರು ಬಾಯಿಬಿಟ್ಟು ಹೇಳೋದು. ಮಗನ ಕೈಗೆ ಟಾರ್ಚ್ ಹೋಗಿದೆ ಅಂದ್ರಲ್ಲ, ಅಷ್ಟಾದ್ರೆ ನನ್ ತಕರಾರಿಲ್ಲ.

ಸುಮ್ನೆ_ಕೇಳ್ದೆ

ಹಾವು ಬರಲ್ವಾ?

ಬಾವಿಕಟ್ಟೆ_ಮೈಸೂರು

ಕೇರೆಹಾವು ಎರಡು ಸಲ ಬಂದಿದೆ, ಕಾಂಪೌಂಡ್ ದಾಟಿ ಹೋಯ್ತು. ಇಂಗುಬಾವಿ ಹತ್ರ ಕಪ್ಪೆ ಇರುತ್ತಲ್ಲ ಅದಕ್ಕೆ. ಬಾವಿ ಮೇಲೆ ಮಾತ್ರ ಗಟ್ಟಿ ಕಬ್ಬಿಣದ ಜಾಲರಿ ಹಾಕ್ಸಿ ಬೀಗ ಹಾಕಿ, ಮಕ್ಕಳಿರೋ ಮನೆ.

ನವಲಗುಂದದಂವ

ಕುಂಬಾರ ಹುಳದ್ದು ಓದಿ ಖುಷಿ ಆತ್ರಿ ಅಕ್ಕಾರ. ನಮ್ಮ ಆಯಿ ಅದು ಮನ್ಯಾಗ ಗೂಡ ಕಟ್ಟಿದ್ರ ಕೆಡವಬ್ಯಾಡ್ರೋ ಅಂತಿದ್ಲು.

ಹುಣಸೇಮರ

ತಿಂಗಳಾದ್ಮೇಲೆ ಬರ್ತಿದೀನಿ. ಎಲ್ರಿಗೂ ಥ್ಯಾಂಕ್ಸ್, ಒಂದೊಂದೂ ಪ್ರಿಂಟ್ ತೆಗೆದು ಮನೇಲಿ ಓದಿದೀವಿ, ನಮ್ಮನೆಯವಳಿಗೆ ಗೌಡ್ರ ಲೆಕ್ಕ ಇಷ್ಟ ಆಯ್ತು, ಮಗಳಿಗೆ ಕುಂಬಾರ ಹುಳ.

ಗೌಡ್ರು ಫೋನಲ್ಲಿ ಹೇಳಿದಂಗೆ ಬಾಟಲ್ ಟೆಸ್ಟ್ ಮಾಡಿದ್ವಿ. ನಾಕಡಿ ಕೆಳಗಿನ ಮಣ್ಣು ಗಾಜಿನ ಬಾಟಲಲ್ಲಿ ಮೂರನೇ ಒಂದು ಭಾಗ, ಮೇಲೆ ನೀರು, ಒಂದು ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ವಿ. ಮರಳು ಒಂದು ನಿಮಿಷದಲ್ಲಿ ಕೂತ್ಕೊಂಡ್ತು, ಅದರ ಮೇಲೆ ನುಣ್ಣನೆ ಪುಡಿ, ಜೇಡಿ ಮಾತ್ರ ಮಾರನೇ ದಿನದ ತನಕ ನೀರಲ್ಲೇ ತೇಲ್ತಿತ್ತು. ಮಗಳು ಸ್ಕೇಲ್ ಇಟ್ಟು ಅಳೆದ್ಲು, ಒಟ್ಟು ಒಂಬತ್ತು ಸೆಂಟಿಮೀಟರ್, ಅದ್ರಲ್ಲಿ ಮರಳು ಐದು. ಜೇಡಿ ಜಾಸ್ತಿ, ಮರಳು ಸ್ವಲ್ಪ ಸೇರಿಸ್ಬೇಕು ಅಂತ ಗೌಡ್ರು.

ನಮ್ಮಪ್ಪನ್ನ ಹೋದ ಭಾನುವಾರ ಸೈಟಿಗೆ ಕರ್ಕೊಂಡು ಹೋದೆ. ಮಾತಾಡ್ಲಿಲ್ಲ ಮೊದ್ಲು. ಹುಣಸೇಮರದ ಕೆಳಗೆ ಚೇರ್ ಹಾಕಿದ್ದೆ, ಕೂರ್ಲೂ ಇಲ್ಲ. ಆಮೇಲೆ ಗುಂಡಿ ಹತ್ರ ಹೋಗಿ ಒಂದು ಹಿಡಿ ಮಣ್ಣು ತಗೊಂಡು, ಬಾಟಲ್ ನೀರು ಸ್ವಲ್ಪ ಸುರ್ಕೊಂಡು ಉಂಡೆ ಮಾಡಿದ್ರು, ಸೊಂಟದೆತ್ತರದಿಂದ ಬಿಟ್ರು. ಮೂರು ನಾಕು ತುಂಡಾಯ್ತು. ಇದು ನಾನು ಹೇಳ್ಕೊಟ್ಟಿದ್ದಲ್ಲ, ಯಾರೂ ಹೇಳ್ಕೊಟ್ಟಿಲ್ಲ. ತುಂಡು ಬಗ್ಗಿ ನೋಡಿದ್ರು. "ನೀರು ಸರಿಯಾಗಿದೆ" ಅಂದ್ರು. ಇನ್ನೂ ಒಪ್ಪಿಲ್ಲ, ಆದ್ರೆ ಕಾರಲ್ಲಿ ವಾಪಸ್ ಬರೋವಾಗ ಇದ್ದಕ್ಕಿದ್ದಂಗೆ "ಪಶ್ಚಿಮಕ್ಕೆ ಚಜ್ಜಾ ಎರಡೂವರೆ ಅಡಿ ಬಿಡ್ಸು, ಪಾಯ ಕಲ್ಲಿಂದಿರ್ಲಿ, ನೆಲದ ಮೇಲೆ ಎರಡಡಿ ಬರ್ಲಿ" ಅಂದ್ರು. ಅಷ್ಟೇ.

ಗಾರೆಗೌಡ

ಎರಡೂವರೆ ಅಡಿ ಚಜ್ಜಾ ಸರಿ, ಆದ್ರೆ ಆ ಕಡೆ ಸೆಟ್‌ಬ್ಯಾಕ್ ಎಷ್ಟಿದೆ ನೋಡ್ಕೊಳ್ಳಿ, ಪ್ಲಾನಲ್ಲಿ ತಕರಾರು ಬರುತ್ತೆ. ಪಾಯಕ್ಕೆ ಸೈಜುಕಲ್ಲು ನಮ್ ಕಡೆಯಿಂದ ಕಳಿಸ್ತೀನಿ. ಬ್ಲಾಕ್ ಒತ್ತೋದು ಈಗ ಬೇಡ, ಮಳೇಲಿ ಜರಡಿ ಹಿಡಿಯೋಕೂ ಆಗಲ್ಲ, ಒತ್ತಿದ್ದು ಒಣಗೋದೂ ಇಲ್ಲ. ದೀಪಾವಳಿ ಕಳೀಲಿ. ಅಷ್ಟರಲ್ಲಿ ತೋಡಿದ ಮಣ್ಣಿನ ಮೇಲೆ ಟಾರ್ಪಾಲ್ ಹಾಕಿಡಿ, ಮತ್ತೆ ಅವತ್ತು ಮೆಷಿನ್ ಬರೋವಾಗ ನಿಮ್ಮಪ್ಪನ್ನೂ ಕರ್ಕೊಂಡ್ ಬನ್ನಿ.